ಯಂಕಂಚಿಯ ಪೇರಲ ಪಫ್

ವಿಜಯಪುರ ಎಂದ ಕೂಡಲೇ ಎಲ್ಲರ ಕಣ್ಣಮುಂದೆ ಬರುವುದು ಗೋಲಗುಮ್ಮಟ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬಂದವರು ಗುಮ್ಮಟದೊಳಗೆ ಕೂಗಿ, ತಿರುಗಿ ಬರುವ ದನಿ ಕೇಳಿ, ಇಬ್ರಾಹಿಂ ರೋಜಾ ನೋಡಿ, ಒಂದು ಕಿಲೋ ಒಣದ್ರಾಕ್ಷಿ ಕಟ್ಟಿಸಿಕೊಂಡು ಹೊರಟುಬಿಡುತ್ತಾರೆ. ಆ ದ್ರಾಕ್ಷಿ ಬೆಳೆದ ಹೊಲಗಳನ್ನಾಗಲಿ, ಅದನ್ನು ಆರಿಸಿ ಒಣಗಿಸಿದ ಕೈಗಳನ್ನಾಗಲಿ ನೋಡಲು ಜಿಲ್ಲೆಯ ಒಳಗೆ ಹೋಗುವವರು ಕಡಿಮೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ಹೆಸರುಗಳು ನಮ್ಮಲ್ಲಿ ಅನೇಕರಿಗೆ ಬಸ್ಸಿನ ಬೋರ್ಡಿನ ಮೇಲಷ್ಟೇ ಪರಿಚಯ. ಪ್ರವಾಸಿ ಪುಸ್ತಕಗಳಲ್ಲಿ ಹೆಸರಿಲ್ಲದ ಅಂಥ ಒಂದು ಊರಿನ ಬಗೆಗೆ, ಅಲ್ಲಿ ಕಂಡ ಒಂದು ತಿಂಡಿಯ ಬಗೆಗೆ ಈ ಸಲ ಬರೆಯುತ್ತಿದ್ದೇನೆ. ಊರು ಸಿಂದಗಿ ತಾಲ್ಲೂಕಿನ ಯಂಕಂಚಿ. ತಿಂಡಿ ಪೇರಲ ಹಣ್ಣು ತುಂಬಿದ ಪಫ್!

ಪಫ್ ಎಂದರೆ ಬೇಕರಿಯದು, ಓವನ್ ಇದ್ದವರ ಮನೆಯದು, ಜೋಳದ ರೊಟ್ಟಿಯ ನಾಡಿಗೂ ಅದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಉಂಟು. ಸ್ವಲ್ಪ ಹಳೆಯದೇ ಉಂಟು.

ಎರಿ ಹೊಲಗಳ ನಡುವೆ

ವಿಜಯಪುರದಿಂದ ಕಲಬುರಗಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್ ಸಾಗಿದರೆ ಸಿಂದಗಿ. ದಾರಿಯಲ್ಲಿ ದೇವರ ಹಿಪ್ಪರಗಿ ಸಿಗುತ್ತದೆ. ಶರಣ ಮಡಿವಾಳ ಮಾಚಯ್ಯನ ಊರು ಅದು. ಡಿಸೆಂಬರ್ ಕೊನೆಯಲ್ಲಿ ಹೋದರೆ ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಎರಿ ಭೂಮಿ. ಬಿಳಿಜೋಳ ತೆನೆ ಹಿರಿದು ನಿಂತಿರುತ್ತದೆ. ಕಡಲೆ, ಕುಸುಬಿ, ಅಲ್ಲಲ್ಲಿ ಕಟಾವಿಗೆ ಬಂದ ತೊಗರಿ. ಮಳೆ ಕಡಿಮೆ ಬೀಳುವ ಸೀಮೆ. ಆದರೂ ಈ ಕರಿಮಣ್ಣು ಹಿಂಗಾರಿನ ತೇವವನ್ನು ಹಿಡಿದಿಟ್ಟುಕೊಂಡು ಜೋಳ ಬೆಳೆಸುತ್ತದೆ. ಬೆಳಗಿನ ಚಳಿಯಲ್ಲಿ ಬಸ್ಸಿನ ಕಿಟಕಿ ತೆರೆದರೆ ಸೀತನಿ ಸುಡುವ ಹೊಗೆಯ ವಾಸನೆ ಬರುತ್ತದೆ.

ಜೋಳದ ಹೊಲಗಳ ನಡುನಡುವೆ ಕಡುಹಸಿರಿನ ಗುಂಪು ಕಂಡರೆ ಅದು ಲಿಂಬೆಯ ತೋಟ. ಇಂಡಿಯ ಲಿಂಬೆ ಈಗ ಹೆಸರುವಾಸಿ. 2023ರಲ್ಲಿ ಇದಕ್ಕೆ ಭೌಗೋಳಿಕ ಸೂಚ್ಯಂಕದ ಮನ್ನಣೆ, ಅಂದರೆ ಜಿ.ಐ. ಟ್ಯಾಗ್ ಸಿಕ್ಕಿತು. ತೆಳುಸಿಪ್ಪೆಯ, ರಸ ತುಂಬಿದ ಕಾಗಜಿ ಲಿಂಬೆ ಇದು. ಇಂಡಿಯಲ್ಲಷ್ಟೇ ಅಲ್ಲ, ಸಿಂದಗಿ ತಾಲ್ಲೂಕಿನಲ್ಲೂ ಬೆಳೆಯುತ್ತಾರೆ. ಬೇಸಿಗೆಯಲ್ಲಿ ಒಂದು ಹಣ್ಣಿಗೆ ಪೇಟೆಯಲ್ಲಿ ನಾವು ಚೌಕಾಸಿ ಮಾಡಿ ಕೊಳ್ಳುತ್ತೇವೆ. ಮಳೆಗಾಲದಲ್ಲಿ ಹಣ್ಣು ಒಮ್ಮೆಲೇ ಬಂದಾಗ ದರ ಬಿದ್ದುಹೋಗಿ, ಚೀಲದ ಬೆಲೆ, ಹರಿಯುವ ಆಳಿನ ಕೂಲಿ, ಗಾಡಿ ಬಾಡಿಗೆ ಎಲ್ಲ ಕಳೆದು ರೈತನ ಕೈಯಲ್ಲಿ ಏನೂ ಉಳಿಯದ ದಿನಗಳೂ ಇವೆ. ಆಗ ಹಣ್ಣು ಗಿಡದ ಬುಡದಲ್ಲೇ ಹಳದಿಯಾಗಿ ಬಿದ್ದಿರುತ್ತದೆ.

ದ್ರಾಕ್ಷಿಯ ಕಥೆ ಬೇರೆ. ಜನವರಿಯಿಂದ ಏಪ್ರಿಲ್‌ವರೆಗೆ ಕಟಾವು. ಗೊಂಚಲುಗಳನ್ನು ಒಣಗಿಸುವ ದ್ರಾವಣದಲ್ಲಿ ಅದ್ದಿ, ನೆರಳಿನ ಶೆಡ್ಡುಗಳಲ್ಲಿ ಬಲೆಯ ಮೇಲೆ ಹರಡಿ, ಎರಡು-ಮೂರು ವಾರ ಗಾಳಿಗೆ ಬಿಡುತ್ತಾರೆ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ದ್ರಾವಣದಲ್ಲಿ ಅದ್ದಿದ್ದು ಎಂಬುದನ್ನು ನೆನಪಿಟ್ಟುಕೊಂಡು ಮನೆಗೆ ತಂದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಸಲ ತೊಳೆದೇ ಬಳಸಿರಿ. ಇನ್ನು ಪೇರಲ, ಪಪ್ಪಾಯಿ, ಬಾಳೆ ಇವು ಹಿತ್ತಲಿನ ಹಣ್ಣುಗಳು. ಚಳಿಗಾಲದಲ್ಲಿ ಗಿಳಿ ತಿಂದು, ಮಕ್ಕಳು ತಿಂದು, ಮಿಕ್ಕದ್ದು ದನದ ಗೋದಲಿಗೆ.

ಗೋವಾದಿಂದ ಬಂದ ಕಸುಬು

ನಾನು ಯಂಕಂಚಿಗೆ ಹೋದದ್ದು ಬಂಧುಗಳ ಮನೆಯ ಕುಬಸಕ್ಕೆ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಬಂದ ಹೆಣ್ಣುಮಕ್ಕಳೆಲ್ಲ ತಂದ ಬಯಕೆಯ ಬುತ್ತಿ ಬಿಚ್ಚುವ ಸಡಗರ. ಶೇಂಗಾ ಹೋಳಿಗೆ, ಸಜ್ಜಕದ ಹೋಳಿಗೆ, ಕರ್ಚಿಕಾಯಿ, ಐದು ತರದ ಅನ್ನ, ಎಣ್ಣೆಗಾಯಿ, ಚಟ್ನಿಪುಡಿ. ಈ ಸಾಲಿನ ನಡುವೆ ಬಾಳೆಲೆ ಹಾಸಿದ ಬುಟ್ಟಿಯಲ್ಲಿ ಬಂಗಾರದ ಬಣ್ಣದ, ಪದರುಪದರಾಗಿ ಎದ್ದ ಅರವತ್ತು ಪಫ್‌ಗಳು!

ಬಸುರಿ ಹುಡುಗಿಗೆ ಬಯಕೆಯಾದದ್ದೇ ಇದರ ಮೇಲೆ. ಸಿಂದಗಿಯಿಂದ ತರಿಸುವ ಬದಲು, ಅದೇ ಓಣಿಯ ಒಬ್ಬ ಹೆಣ್ಣುಮಗಳಿಗೆ ಮನೆಯವರು ಹೇಳಿ ಮಾಡಿಸಿದ್ದರು. ಪಪ್ಪಾಯಿ ಮಾತ್ರ ಬೇಡವೆಂದು ಹಿರಿಯರ ಕಟ್ಟಪ್ಪಣೆ. ಬಸುರಿಗೆ ಅದು ಕೂಡದು ಎಂಬ ನಂಬಿಕೆ ನಮ್ಮ ಕಡೆ ಬಲವಾದದ್ದು. ಆದ್ದರಿಂದ ಪೇರಲ.

ಆಕೆ ಮೂವತ್ತೈದರ ಆಸುಪಾಸಿನವಳು. ಗಂಡ ಗಾರೆ ಕೆಲಸದವ. ಮದುವೆಯಾದ ಮಾರನೆಯ ವರ್ಷವೇ ಗೋವಾಕ್ಕೆ ದುಡಿಯಲು ಹೋದವರು. ಈ ತಾಲ್ಲೂಕುಗಳಿಂದ ಗೋವಾ, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವುದು ಹೊಸದಲ್ಲ. ಒಂದು ಮಳೆ ಕೈಕೊಟ್ಟರೆ ಬಾಗಿಲಿಗೆ ಬೀಗ ಬೀಳುತ್ತದೆ. ಅಲ್ಲಿ ಮಡಗಾಂವ್ ಕಡೆಯ ಒಂದು ಬೇಕರಿಯಲ್ಲಿ ಆಕೆ ತಟ್ಟೆ ತೊಳೆಯುವ ಕೆಲಸಕ್ಕೆ ಸೇರಿದಳು. ತೊಳೆಯುತ್ತ ತೊಳೆಯುತ್ತ ಹಿಟ್ಟು ನಾದುವ ಮೇಜಿನ ಕಡೆ ಕಣ್ಣಿಟ್ಟಳು. ಏಳು ವರ್ಷ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಎಲ್ಲರಂತೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದರು.

"ತರಾಕ ಏನೂ ಇರಲಿಲ್ರಿ ಅಕ್ಕಾರ. ಕೈಯಾಗಿನ ಕೆಲಸ ಒಂದ ಬಂತು ನನ್ನ ಸಂಗಾಟ," ಎಂದಳು.

ಈ ಮಾತು ಕೇಳಿದಾಗ ನನಗೆ ಇತಿಹಾಸದ ಒಂದು ಪುಟ ನೆನಪಾಯಿತು. ಗೋವಾ ಒಂದು ಕಾಲಕ್ಕೆ ಬಿಜಾಪುರದ ಆದಿಲಶಾಹಿಗೇ ಸೇರಿದ್ದ ಊರು. 1510ರಲ್ಲಿ ಪೋರ್ಚುಗೀಸರು ಅದನ್ನು ಬಿಜಾಪುರದಿಂದ ಕಸಿದುಕೊಂಡರು. ಒಲೆಯೊಳಗೆ ಸುಡುವ, ಉಬ್ಬುವ ರೊಟ್ಟಿಯನ್ನು ಗೋವಾದಲ್ಲಿ ನೆಲೆಯೂರಿಸಿದವರು ಅವರೇ. ಪಾವ್ ಎಂಬ ಮಾತೇ ಅವರದು. ಪೇರಲ, ಪಪ್ಪಾಯಿ, ಅನಾನಸು, ಗೋಡಂಬಿ ಇವೂ ಅವರ ಹಡಗುಗಳಲ್ಲಿ ಅಮೆರಿಕದಿಂದ ಬಂದವು. ನಮ್ಮ ರೊಟ್ಟಿಗೆ ಜೊತೆಯಾದ ಮೆಣಸಿನಕಾಯಿ ಕೂಡ! ಹೀಗೆ ಹಣ್ಣು ಅಲ್ಲಿಂದ ಬಂದು ನಮ್ಮ ಹಿತ್ತಲು ಸೇರಿ ಎಷ್ಟೋ ತಲೆಮಾರು ಕಳೆದವು. ಅದನ್ನು ತುಂಬುವ ಪದರು ಹಿಟ್ಟಿನ ಕಸುಬು ಈಗ ಒಬ್ಬ ಕೂಲಿ ಹೆಣ್ಣುಮಗಳ ಕೈಹಿಡಿದು ಯಂಕಂಚಿಗೆ ಬಂದಿದೆ.

ಕರ್ನಾಟಕದ ಇನ್ನೊಂದು ತುದಿಯಲ್ಲಿ ಬೇಕರಿಯ ಕಥೆ ಬೇರೆ ದಾರಿ ಹಿಡಿಯಿತು. ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ತೆರೆದ ಬಿ.ಬಿ. ಬೇಕರಿಯಿಂದ ಅಯ್ಯಂಗಾರ್ ಬೇಕರಿಗಳ ಪರಂಪರೆ ಆರಂಭವಾಯಿತು ಎನ್ನುತ್ತಾರೆ. ಮೊಟ್ಟೆ ಇಲ್ಲದ ತಿನಿಸುಗಳು, ಖಾರದ ಬನ್ನು, ಕೊಬ್ಬರಿ ಮತ್ತು ಟುಟ್ಟಿ ಫ್ರೂಟಿ ತುಂಬಿದ ದಿಲ್‌ಪಸಂದ್ ಇವು ನಾಡಿನ ಮೂಲೆಮೂಲೆಗೆ ಹೋದದ್ದು ಆ ಬೇಕರಿಗಳಿಂದ. ಟುಟ್ಟಿ ಫ್ರೂಟಿ ಎಂದು ಮಕ್ಕಳು ಬಾಯಿ ಚಪ್ಪರಿಸುವ ಆ ಕೆಂಪು ಹಸಿರು ಚೂರುಗಳು ಸಕ್ಕರೆ ಪಾಕದಲ್ಲಿ ಕುದಿಸಿದ ಪಪ್ಪಾಯಿ ಕಾಯಿಯೇ ಹೊರತು ಬೇರೇನಲ್ಲ.

ಚಿರೋಟಿಯ ತಂಗಿ

ಕುಬಸದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತ ಎಂಬತ್ತರ ಆಯಿ ಪಫ್ ಮುರಿದು, ಪದರುಗಳನ್ನು ಬೆರಳಲ್ಲಿ ಬಿಡಿಸಿ ನೋಡಿ, "ಇದೇನು ಹೊಸಾದವಾ? ನಮ್ಮ ಚಿರೋಟಿನ ಎಣ್ಣ್ಯಾಗ ಬಿಡೂದ ಬಿಟ್ಟು ಒಲ್ಯಾಗ ಇಟ್ಟಾರ" ಎಂದರು.

ಆಯಿಯ ಮಾತು ಮುಕ್ಕಾಲು ಪಾಲು ನಿಜ. ಚಿರೋಟಿಗೆ ನಾವು ಏನು ಮಾಡುತ್ತೇವೆ? ತುಪ್ಪಕ್ಕೆ ಅಕ್ಕಿಹಿಟ್ಟು ಕಲಸಿ ಸಾಟಿ ಮಾಡಿ, ತೆಳ್ಳಗೆ ಲಟ್ಟಿಸಿದ ಹಾಳೆಗಳ ಮೇಲೆ ಸವರಿ, ಒಂದರ ಮೇಲೊಂದು ಇಟ್ಟು, ಸುರುಳಿ ಸುತ್ತಿ, ಕೊಯ್ದು, ಮತ್ತೆ ಲಟ್ಟಿಸಿ ಕರಿಯುತ್ತೇವೆ. ಹಿಟ್ಟು ಹಿಟ್ಟಿಗೆ ಅಂಟದಂತೆ ನಡುವೆ ಜಿಡ್ಡು ಇರಬೇಕು. ಪದರಿನ ಗುಟ್ಟು ಇಷ್ಟೇ. ಪಫ್‌ನದೂ ಇದೇ ಗುಟ್ಟು. ವ್ಯತ್ಯಾಸ ಒಂದು: ಚಿರೋಟಿಯ ತುಪ್ಪದಲ್ಲಿ ನೀರಿಲ್ಲ. ಪಫ್‌ನ ಬೆಣ್ಣೆಯಲ್ಲಿ ನೂರಕ್ಕೆ ಹದಿನೈದು ಹದಿನಾರು ಪಾಲು ನೀರಿರುತ್ತದೆ. ಒಲೆಯ ಕಾವಿಗೆ ಆ ನೀರು, ಹಿಟ್ಟಿನ ತೇವ ಎರಡೂ ಉಗಿಯಾಗಿ ಪದರುಗಳನ್ನು ಮೇಲಕ್ಕೆತ್ತುತ್ತವೆ. ಸೋಡಾ ಬೇಡ, ಈಸ್ಟ್ ಬೇಡ, ಮೊಟ್ಟೆ ಬೇಡ.

ಹಿಟ್ಟಿನ ತಿಂಡಿಯಲ್ಲಿ ಕನ್ನಡ ನಾಡಿನ ಹೆಂಗಸರು ಹೊಸಬರಲ್ಲ. 1025ರ ಸುಮಾರಿಗೆ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಅಡುಗೆಯ ವಿಚಾರ ಉಂಟು. 1508ರ ಹೊತ್ತಿಗೆ ಮೂರನೆಯ ಮಂಗರಸ ಬರೆದ 'ಸೂಪಶಾಸ್ತ್ರ'ದಲ್ಲಿ ಹಿಟ್ಟಿನ ತಿಂಡಿಗಳಿಗೇ ಒಂದು ಅಧ್ಯಾಯ ಮೀಸಲು. ಗೋವಾ ಬಿಜಾಪುರದ ಕೈತಪ್ಪಿದ್ದೂ ಅದೇ ಕಾಲದಲ್ಲಿ ಎಂಬುದು ಸ್ವಾರಸ್ಯ.

ಹಿಟ್ಟಿನ ಹದ

ಕುಬಸದ ಮರುದಿನ ಆಕೆಯ ಅಡುಗೆಮನೆಯಲ್ಲೇ ಕುಳಿತು ಬರೆದುಕೊಂಡ ವಿಧಾನ ಇಲ್ಲಿದೆ. ಹನ್ನೆರಡು ಪಫ್‌ಗಳಿಗೆ ಈ ಅಳತೆ.

ಹಿಟ್ಟಿಗೆ: ಮೈದಾ 250 ಗ್ರಾಂ, ಬೆಣ್ಣೆ 25 ಗ್ರಾಂ, ಉಪ್ಪು ಅರ್ಧ ಚಮಚ, ಲಿಂಬೆರಸ 1 ಚಮಚ, ತಣ್ಣೀರು ಸುಮಾರು 125 ಮಿ.ಲೀ. ಪದರಿಗೆ: ಗಟ್ಟಿ ಬೆಣ್ಣೆ 175 ಗ್ರಾಂ. ಮೇಲೆ ಸವರಲು ಸ್ವಲ್ಪ ಹಾಲು.

ಹೂರಣಕ್ಕೆ: ಹಣ್ಣಾದ ಪೇರಲ 4 (ಸುಮಾರು 400 ಗ್ರಾಂ), ಬೆಲ್ಲ ಅಥವಾ ಸಕ್ಕರೆ 100 ಗ್ರಾಂ, ತೊಳೆದ ಒಣದ್ರಾಕ್ಷಿ 50 ಗ್ರಾಂ, ಒಂದು ಲಿಂಬೆಹಣ್ಣಿನ ರಸ, ಏಲಕ್ಕಿ ಪುಡಿ, ಚಿಟಿಕೆ ಉಪ್ಪು.

ಮೊದಲು ಹೂರಣ ಮಾಡಿ ಆರಲು ಬಿಡಿ. ಪೇರಲವನ್ನು ಹೆಚ್ಚಿ, ಅರ್ಧ ಲೋಟ ನೀರಿನಲ್ಲಿ ಮೆತ್ತಗೆ ಬೇಯಿಸಿ, ಜರಡಿಯಲ್ಲಿ ಉಜ್ಜಿ ಬೀಜ ತೆಗೆಯಿರಿ. ತಿರುಳಿಗೆ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸಿ. ಗಟ್ಟಿಯಾಗುತ್ತ ಬಂದಾಗ ಲಿಂಬೆರಸ, ದ್ರಾಕ್ಷಿ, ಉಪ್ಪು, ಏಲಕ್ಕಿ ಸೇರಿಸಿ. ಪೇರಲದಲ್ಲಿ ಪೆಕ್ಟಿನ್ ಎಂಬ ಅಂಟಿನ ಅಂಶ ಹೆಚ್ಚು. ಲಿಂಬೆಯ ಹುಳಿ ತಾಗಿದ ಕೂಡಲೇ ಅದು ಜಾಮಿನಂತೆ ಕಟ್ಟಿಕೊಳ್ಳುತ್ತದೆ. ಬೋಗುಣಿಯ ಅಂಚು ಬಿಟ್ಟು ಬಂದರೆ ಹದವಾಯಿತು. ಇದು ಪೂರ್ತಿ ತಣ್ಣಗಾಗಬೇಕು. ಬಿಸಿ ಹೂರಣ ತುಂಬಿದರೆ ಬೆಣ್ಣೆ ಕರಗಿ ಪದರು ಕೂಡಿಕೊಳ್ಳುತ್ತದೆ.

ಮೈದಾಕ್ಕೆ ಉಪ್ಪು, 25 ಗ್ರಾಂ ಬೆಣ್ಣೆ ಹಾಕಿ ಬೆರಳಲ್ಲಿ ತಿಕ್ಕಿ, ಲಿಂಬೆರಸ, ತಣ್ಣೀರು ಹಾಕಿ ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾಗಿ ನಾದಿ. ಲಿಂಬೆ ಯಾಕೆ ಎಂದರೆ, ಹುಳಿ ಇದ್ದರೆ ಹಿಟ್ಟಿನ ಜಿಗುಟು ಸಡಿಲವಾಗಿ, ಲಟ್ಟಿಸಿದಾಗ ರಬ್ಬರಿನಂತೆ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ.

ಪದರಿನ ಬೆಣ್ಣೆ ಗಟ್ಟಿಯಾಗಿಯೂ ಇರಬೇಕು, ಒತ್ತಿದರೆ ಬಾಗಲೂ ಬೇಕು. ಮನೆಯ ಎಮ್ಮೆ ಬೆಣ್ಣೆ ಇದ್ದರೆ ಉತ್ತಮ. ಹಸುವಿನದಕ್ಕಿಂತ ತುಸು ತಡವಾಗಿ ಕರಗುತ್ತದೆ. ಆದರೆ ತಣ್ಣೀರಿನಲ್ಲಿ ತೊಳೆದು, ಮಜ್ಜಿಗೆಯ ಅಂಶವೆಲ್ಲ ಹೋಗುವಂತೆ ಹಿಂಡಿಕೊಳ್ಳಿರಿ. ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು 5 ಇಂಚಿನ ಚೌಕ ಮಾಡಿ.

ಹಿಟ್ಟನ್ನು 8 ಇಂಚಿನ ಚೌಕವಾಗಿ ಲಟ್ಟಿಸಿ, ನಡುವೆ ಬೆಣ್ಣೆಯನ್ನು ಮೂಲೆ ತಿರುಗಿಸಿ ಇಟ್ಟು, ನಾಲ್ಕೂ ಕಡೆಯಿಂದ ಹಿಟ್ಟು ಮಡಿಸಿ ಲಕೋಟೆಯಂತೆ ಮುಚ್ಚಿ. ಲಟ್ಟಣಿಗೆಯಿಂದ ಮೆಲ್ಲಗೆ ಒತ್ತುತ್ತ ಉದ್ದಕ್ಕೆ ಲಟ್ಟಿಸಿ, ಸುಮಾರು 15 ಇಂಚು ಉದ್ದ, 6 ಇಂಚು ಅಗಲ. ಇಸ್ತ್ರಿ ಸೀರೆಯ ಹಾಗೆ ಮೂರು ಮಡಿಕೆ ಮಾಡಿ. ಒದ್ದೆ ಬಟ್ಟೆಯಲ್ಲಿ ಸುತ್ತಿ 20 ನಿಮಿಷ ತಣ್ಣಗಿನ ಜಾಗದಲ್ಲಿ ಇಡಿ. ಫ್ರಿಜ್ ಇದ್ದವರು ಅದರಲ್ಲಿಡಬಹುದು. ಆಕೆ ನೀರು ತುಂಬಿದ ಮಣ್ಣಿನ ಹರವಿಯ ಮೇಲೆ ತಟ್ಟೆ ಇಟ್ಟು ಅದರಲ್ಲಿಡುತ್ತಾಳೆ. ಮತ್ತೆ ಅಡ್ಡಲಾಗಿ ತಿರುಗಿಸಿ ಲಟ್ಟಿಸಿ, ಮತ್ತೆ ಮೂರು ಮಡಿಕೆ. ಹೀಗೆ ಒಟ್ಟು ನಾಲ್ಕು ಸಲ.

"ನಾಲ್ಕು ಸಲ ಮಡಚಿದರ ಎಷ್ಟ ಪದರಾತು?" ಎಂದು ನಾನು ಕೇಳಿದೆ. ಮೂಲೆಯಲ್ಲಿ ಕುಳಿತು ಲೆಕ್ಕ ಬಿಡಿಸುತ್ತಿದ್ದ ಮಗಳು, ಒಂಬತ್ತನೆಯ ತರಗತಿಯವಳು, ತಲೆ ಎತ್ತದೆ "ಮೂರರ ಘಾತ ನಾಲ್ಕು, ಎಂಬತ್ತೊಂದು" ಎಂದಳು. ದೊಡ್ಡ ಬೇಕರಿಗಳಲ್ಲಿ ಆರು ಸಲ ಮಡಿಸುತ್ತಾರೆ. ಬೆಣ್ಣೆಯ ಪದರು 729! ಮನೆಗೆ ಎಂಬತ್ತೊಂದು ಧಾರಾಳವಾಯಿತು.

ಕೊನೆಗೆ 16 ಇಂಚು ಉದ್ದ, 12 ಇಂಚು ಅಗಲ ಲಟ್ಟಿಸಿದರೆ 4 ಇಂಚಿನ ಹನ್ನೆರಡು ಚೌಕಗಳು. ಚಾಕು ಹರಿತವಾಗಿರಲಿ. ಎಳೆದು ಕೊಯ್ಯಬೇಡಿ, ಮೇಲಿನಿಂದ ಒತ್ತಿ ಕೊಯ್ಯಿರಿ. ಎಳೆದರೆ ಅಂಚಿನ ಪದರು ಕೂಡಿಕೊಂಡು ಉಬ್ಬುವುದಿಲ್ಲ. ನಡುವೆ ಒಂದು ದೊಡ್ಡ ಚಮಚ ಹೂರಣ ಇಟ್ಟು, ಅಂಚಿನ ಒಳಗೆ ನೀರು ಸವರಿ, ತ್ರಿಕೋನವಾಗಿ ಮಡಿಸಿ ಒತ್ತಿ. ಮೇಲೆ ಹಾಲು ಸವರಿ, ಉಗಿ ಹೋಗಲು ಒಂದು ಗೀರು ಹಾಕಿ. ಹಾಲು ಬದಿಗೆ ಇಳಿಯದಂತೆ ನೋಡಿಕೊಳ್ಳಿ.

ಓವನ್ ಇಲ್ಲದವರಿಗೆ

ಓವನ್ ಇದ್ದವರು ಮುಂಚೆ ಕಾಯಿಸಿಟ್ಟು, 200 ಡಿಗ್ರಿಯಲ್ಲಿ 25 ನಿಮಿಷ ಬೇಯಿಸಿರಿ. ಯಂಕಂಚಿಯ ಆ ಮನೆಯಲ್ಲಿ ಓವನ್ ಇಲ್ಲ. ದಪ್ಪ ತಳದ ದೊಡ್ಡ ಬೋಗುಣಿಯಲ್ಲಿ ಒಂದು ಇಂಚು ತೊಳೆದು ಒಣಗಿಸಿದ ಮರಳು ಹರಡಿ, ಅದರ ಮೇಲೆ ಒಂದು ಸಿಂಬಿ ಇಟ್ಟು, ಬಿಗಿಯಾದ ಮುಚ್ಚಳ ಮುಚ್ಚಿ, ಜೋರು ಉರಿಯಲ್ಲಿ 15 ನಿಮಿಷ ಕಾಯಿಸುತ್ತಾಳೆ. ಅನಂತರ ಐದಾರು ಪಫ್ ಹೊಂದಿಸಿದ ತಟ್ಟೆ ಇಟ್ಟು ಮುಚ್ಚುತ್ತಾಳೆ. ಮೊದಲ 20 ನಿಮಿಷ ಮುಚ್ಚಳ ತೆಗೆಯಕೂಡದು. ತಣ್ಣನೆ ಗಾಳಿ ಹೋದರೆ ಎದ್ದ ಪದರು ಕುಸಿಯುತ್ತದೆ.

ಗ್ಯಾಸಿನ ಮೇಲೆ ಮಾಡಿದರೆ ತಳ ಕೆಂಪಾಗಿ ಮೇಲ್ಭಾಗ ಬಿಳಿಚಿಕೊಂಡಿರುತ್ತದೆ. ಅಂಥವರು ಕೊನೆಯ ಎಂಟು ಹತ್ತು ನಿಮಿಷ ಪಫ್‌ಗಳನ್ನು ಮಗುಚಿ ಹಾಕಿರಿ. ಆಕೆ ಕಟ್ಟಿಗೆ ಒಲೆಯಲ್ಲಿ ಮಾಡುವವಳು. ಮುಚ್ಚಳದ ಮೇಲೆ ಕೆಂಡ ಹರಡುತ್ತಾಳೆ. ಮೇಲೂ ಕೆಳಗೂ ಕಾವು. ಬಣ್ಣ ಓವನ್ನಿನದಕ್ಕೆ ಸೋಲುವುದಿಲ್ಲ. ಪ್ರೆಶರ್ ಕುಕ್ಕರಿನಲ್ಲಿ ಮಾಡುವವರು ರಬ್ಬರು, ಸೀಟಿ ಎರಡನ್ನೂ ಕಡ್ಡಾಯವಾಗಿ ತೆಗೆಯಿರಿ. ನೀರಿಲ್ಲದೆ ಕಾಯಿಸಿದ ಕುಕ್ಕರು ಬೇಗ ಕೆಡುವುದರಿಂದ ದಿನಬಳಕೆಯದನ್ನು ಬಳಸದಿರುವುದೇ ಒಳ್ಳೆಯದು.

ಇನ್ನೊಂದು ಉಪಾಯವೂ ಉಂಟು. ಹಬ್ಬಕ್ಕೆ ನಾನ್‌ಖಟಾಯಿ ಮಾಡಿಸಲು ಮೈದಾ, ತುಪ್ಪ, ಸಕ್ಕರೆ ಹೊತ್ತು ಬೇಕರಿಯ ಭಟ್ಟಿಗೆ ಹೋಗುವ ರೂಢಿ ನಮ್ಮ ಕಡೆಯ ಪೇಟೆಗಳಲ್ಲಿ ಇದ್ದದ್ದೇ. ಹಾಗೆ ಪಫ್ ತುಂಬಿಸಿ ಒಯ್ದು ಸುಡಿಸಿಕೊಳ್ಳಬಹುದು.

ಬೆಣ್ಣೆಯ ಬದಲು ವನಸ್ಪತಿ ಆಗದೇ ಎಂದು ಕೇಳುವವರಿದ್ದಾರೆ. ಬೇಕರಿಗಳಲ್ಲಿ ಪಫ್ ಮಾರ್ಗರಿನ್ ಎಂಬ ಗಟ್ಟಿ ಜಿಡ್ಡು ಬಳಸುವುದುಂಟು. ಬಿಸಿಲಿಗೂ ಬೇಗ ಕರಗದು, ಅಗ್ಗ. ಆದರೆ ನಾಲಗೆಗೆ ಮೇಣದಂತೆ ಹತ್ತುತ್ತದೆ. ಇಂಥ ಜಿಡ್ಡುಗಳಲ್ಲಿರುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದೆಂದು 2022ರ ಜನವರಿಯಿಂದ ಅದು ನೂರಕ್ಕೆ ಎರಡಕ್ಕಿಂತ ಹೆಚ್ಚಿರಕೂಡದೆಂಬ ನಿಯಮ ಬಂತು. ಮಕ್ಕಳಿಗೆ ಕೊಡುವ ತಿಂಡಿ, ಅಪರೂಪಕ್ಕೆ ಮಾಡುವುದು. ಬೆಣ್ಣೆಯಲ್ಲೇ ಮಾಡಿ.

ನೋಟ್‌ಬುಕ್ಕಿನ ಲೆಕ್ಕ

ಇಷ್ಟೆಲ್ಲ ಚೆನ್ನಾಗಿ ಮಾಡುವವಳು ಇದನ್ನೇ ವ್ಯಾಪಾರ ಮಾಡಬಾರದೇಕೆ? ನಾನೂ ಕೇಳಿದೆ. ಆಕೆ ಮಗಳ ಹಳೆಯ ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. ಬೆಣ್ಣೆ ಅಂಗಡಿಯಿಂದ ತಂದರೆ ಒಂದು ಡಜನ್‌ಗೆ ಬೆಣ್ಣೆಗೇ 120 ರೂಪಾಯಿ. ಮೈದಾ, ಬೆಲ್ಲ, ಹಣ್ಣು, ದ್ರಾಕ್ಷಿ, ಕಟ್ಟಿಗೆ ಎಲ್ಲ ಸೇರಿ 190. ಒಂದಕ್ಕೆ 20ರಂತೆ ಮಾರಿದರೆ ಬರುವುದು 240. ಉಳಿಯುವುದು 50. ಕುಬಸದ ಅರವತ್ತು ಪಫ್‌ಗೆ ನಸುಕಿನ ನಾಲ್ಕಕ್ಕೆ ಎದ್ದು, ಎರಡು ಬೋಗುಣಿ ಹೂಡಿ ಬೇಯಿಸಿದ್ದಕ್ಕೆ ಉಳಿದದ್ದು 250. ಕೂಲಿಗೆ ಹೋದರೂ ಅಷ್ಟು ಬರುತ್ತಿತ್ತು.

"ಖರೆ, ಆದರ ಕೂಲಿಗೆ ಹೋದರ ಆ ದಿನಾ ಅಷ್ಟ ಬರತೈತಿ, ಮರುದಿನಾ ಏನೂ ಇಲ್ಲ. ಇದು ಹಂಗಲ್ರಿ. ಒಬ್ಬರ ತಿಂದರ ಹತ್ತ ಮಂದಿ ಕೇಳತಾರ," ಎಂದಳು.

ಅವಳ ನಿಜವಾದ ಲೆಕ್ಕ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಗಂಡ ಮತ್ತೆ ಗೋವಾಕ್ಕೆ ಹೊರಡುವವ. ಹಿಂದಿನಂತೆ ಎಲ್ಲರೂ ಹೋದರೆ ಖರ್ಚು ಒಂದೇ ಕಡೆ, ದುಡಿಮೆ ಎರಡು. ಆದರೆ ಮಗಳ ಗತಿ? ಚಿಕ್ಕವಳಿದ್ದಾಗ ಗೋವಾದಲ್ಲಿ ಮೂರು ಶಾಲೆ ತಿರುಗಿ, ಯಾವ ಭಾಷೆಯೂ ಗಟ್ಟಿಯಾಗದೆ, ಊರಿಗೆ ಬಂದ ಮೇಲೆ ಎರಡು ವರ್ಷ ಕಷ್ಟಪಟ್ಟು ಕನ್ನಡದಲ್ಲಿ ಸರಿಸಮ ನಿಂತವಳು. ಮುಂದಿನ ವರ್ಷ ಹತ್ತನೆಯ ತರಗತಿ. "ಅಕಿನ್ನ ಸಾಲಿ ಬಿಡಿಸಿ ಒಯ್ಯಾಂಗಿಲ್ಲ ಅಂತ ಅಂದೀನ್ರಿ. ಅಂದ ಮ್ಯಾಲ ಇಲ್ಲೇ ದುಡೀಬೇಕಲ್ರಿ?" ಎಂದಳು. ಹುಡುಗಿ ಅಷ್ಟು ಹೊತ್ತೂ ಲೆಕ್ಕ ಬಿಡಿಸುತ್ತಲೇ ಇದ್ದಳು. ಪೆನ್ನು ಮಾತ್ರ ನಿಂತಿತ್ತು.

ಮನೆಯಲ್ಲಿ ಅತ್ತೆಗೆ ಇದು ಸರಿಬಂದಿಲ್ಲ. "ಗಂಡ ಅಲ್ಲಿ, ಹೆಂಡತಿ ಇಲ್ಲಿ, ಯಾವ ಸಂಸಾರ ಇದು?" ಎಂಬುದು ಅವರ ಮಾತು. ಅದೂ ತೆಗೆದುಹಾಕುವ ಮಾತಲ್ಲ. ಆದರೂ ಎಮ್ಮೆಯ ಬೆಣ್ಣೆ ಕಡೆದು ಮಡಿಕೆಯಲ್ಲಿ ತೆಗೆದಿಡುವವರು ಅದೇ ಅತ್ತೆ. ಮನೆಯ ಬೆಣ್ಣೆ ಸೇರಿದ ದಿನ ಡಜನ್‌ಗೆ ಕೈಯಿಂದ ಹೋಗುವ ಹಣ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಲೆಕ್ಕ ಅಲ್ಲಿಂದ ಸ್ವಲ್ಪ ಹಸನಾಗುತ್ತದೆ.

ಇಂಥ ಸೋದರಿಯರಿಗೆ ತಿಳಿದಿರಬೇಕಾದ ಎರಡು ವಿಷಯ ಹೇಳುತ್ತೇನೆ. ಮನೆಯಲ್ಲಿ ಮಾಡಿ ಮಾರುವವರೂ ಆಹಾರ ಸುರಕ್ಷತೆಯ ಎಫ್.ಎಸ್.ಎಸ್.ಎ.ಐ. ನೋಂದಣಿ ಮಾಡಿಸಬೇಕು. ಅದಿದ್ದರೆ ಅಂಗಡಿಯವರೂ ಧೈರ್ಯದಿಂದ ಇಟ್ಟುಕೊಳ್ಳುತ್ತಾರೆ. ಎರಡನೆಯದು, ಕಿರು ಆಹಾರ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಒಂದು ಯೋಜನೆ ಆರಂಭಿಸಿತು. ಸ್ವಸಹಾಯ ಸಂಘದ ಸದಸ್ಯೆಯರಿಗೆ ಸಣ್ಣ ಸಲಕರಣೆ, ಕೈಬಂಡವಾಳಕ್ಕೆ ತಲಾ 40,000 ರೂಪಾಯಿವರೆಗೆ, ದೊಡ್ಡ ಸಲಕರಣೆಗೆ ಬ್ಯಾಂಕ್ ಸಾಲದೊಂದಿಗೆ ನೂರಕ್ಕೆ 35ರಷ್ಟು ಸಹಾಯಧನ ಅದರಲ್ಲಿ ಇಟ್ಟಿದ್ದರು. ಈಗ ಏನು ಸೌಲಭ್ಯ ಇದೆ ಎಂಬುದನ್ನು ನಿಮ್ಮ ಊರಿನ ಸಂಜೀವಿನಿ ಒಕ್ಕೂಟದಲ್ಲಿ ಕೇಳಿ. ಕಾಗದಪತ್ರ ನೋಡಿ ಹೆದರಬೇಡಿ. ಓದಿದ ಮಗಳೋ ಸೊಸೆಯೋ ಮನೆಯಲ್ಲಿದ್ದರೆ ಅವಳಿಗೆ ಒಪ್ಪಿಸಿ. ಯಂಕಂಚಿಯಲ್ಲಿ ಆ ಕೆಲಸ ಒಂಬತ್ತನೆಯ ತರಗತಿಯ ಹುಡುಗಿ ವಹಿಸಿಕೊಂಡಿದ್ದಾಳೆ.

ಕಾಲಕ್ಕೊಂದು ಹೂರಣ

ಪೇರಲ ಚಳಿಗಾಲದ್ದು. ಪದರು ಹಿಟ್ಟಿಗೂ ಅದೇ ಕಾಲ ಹೊಂದುತ್ತದೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಬೆಣ್ಣೆ ಕೈಯಲ್ಲೇ ನೀರಾಗುತ್ತದೆ. ಆಗ ಮಾಡಲೇಬೇಕೆಂದರೆ ನಸುಕಿನಲ್ಲಿ ಮಾಡಿ, ಮಡಿಕೆ ಮೂರಕ್ಕೆ ನಿಲ್ಲಿಸಿ. ಬೇಸಿಗೆಗೆ ಮಾವಿನಕಾಯಿಯ ಗುಳಂಬ ಒಳ್ಳೆಯ ಹೂರಣ. ಮಳೆಗಾಲದಲ್ಲಿ ಮಾಗಿದ ಬಾಳೆಹಣ್ಣನ್ನು ಬೆಲ್ಲದಲ್ಲಿ ಬಾಡಿಸಿ, ಅಗ್ಗವಾಗಿ ಸಿಗುವ ಲಿಂಬೆಯ ರಸ ಧಾರಾಳವಾಗಿ ಹಿಂಡಿ, ತುರಿದ ಕೊಬ್ಬರಿ ಬೆರೆಸಿದರೆ ಮಕ್ಕಳು ಬಿಡುವುದಿಲ್ಲ. ಅಂಜೂರ, ಪಪ್ಪಾಯಿ ಯಾವುದಾದರೂ ಸರಿ, ನೀರು ಪೂರ್ತಿ ಆರಿರಬೇಕು.

ಪದರು ಹಿಟ್ಟಿನ ಗೊಡವೆಯೇ ಬೇಡ ಎನ್ನುವವರು ಇದೇ ಪೇರಲ ಹೂರಣವನ್ನು ಕರ್ಚಿಕಾಯಿಗೆ ತುಂಬಿ ಕರಿಯಿರಿ. ಕುಬಸದಲ್ಲಿ ಆಯಿ ಕೊಟ್ಟ ಸಲಹೆ ಇದು. ನಾನು ಮನೆಗೆ ಬಂದು ಮಾಡಿದೆ. ಬಹಳ ರುಚಿ.

ಮಾಡಿದ ಪಫ್‌ಗಳನ್ನು ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಿ. ಬಿಸಿ ಇದ್ದಾಗ ಮುಚ್ಚಿದರೆ ಬೆವರಿ ಮೆತ್ತಗಾಗುತ್ತವೆ. ಎರಡು ದಿನ ಇರುತ್ತವೆ. ಮೆತ್ತಗಾದರೆ ಕಾದ ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ ಇಟ್ಟರೆ ಮತ್ತೆ ಗರಿಗರಿ. ವಿಜಯಪುರದ ಕಡೆ ಹೋಗುವವರು ಡಿಸೆಂಬರ್-ಜನವರಿಯಲ್ಲಿ ಹೋಗಿ, ಸಿಂದಗಿಯ ಬಸ್ಸು ಹತ್ತಿ. ಚೀಲದಲ್ಲಿ ಲಿಂಬೆಗೂ ಒಣದ್ರಾಕ್ಷಿಗೂ ಜಾಗ ಇಟ್ಟುಕೊಳ್ಳಿ. ನಿಮ್ಮದೇ ಓಣಿಯಲ್ಲಿ ಇಂಥ ಕಸುಬು ಕಲಿತು ಬಂದ ಹೆಣ್ಣುಮಗಳಿದ್ದರೆ, ಮುಂದಿನ ಕುಬಸಕ್ಕೋ ಹುಟ್ಟುಹಬ್ಬಕ್ಕೋ ಪೇಟೆಗೆ ಹೋಗುವ ಮೊದಲು ಅವಳ ಬಾಗಿಲು ತಟ್ಟಿ ಕೇಳಿ.